ಅಕ್ಕನಿಗೆ ಉಳಿದ ಒಂದು ಮಾತು

"ಪೇಶೆಂಟು ಮಾತಾಡ್ತಾರೇನ್ರಿ?" ಎಂದು ಕೇಳಿದ ಆ ಕಚೇರಿಯವನು.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿ, ಅದರ ಮೇಲೆ ಆ ಕಚೇರಿ. ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡಿಕೊಳ್ಳುವ ಹೆಂಗಸರನ್ನು ಕಳಿಸುತ್ತೇವೆ ಎಂದು ಕೆಳಗೆ ಬೋರ್ಡು ಹಾಕಿದ್ದರು. ಶನಿವಾರದ ಬೆಳಗಿನ ಶಾಲೆ ಮುಗಿಸಿ, ಅಕ್ಕನನ್ನು ಪಕ್ಕದ ಮನೆಯ ಮುದುಕಿಯ ಕಣ್ಣಳತೆಯಲ್ಲಿ ಬಿಟ್ಟು, ಶಹಾಪುರದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಕೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಕಳಿಸುವ ಹೆಂಗಸಿಗೆ ಕೆಲಸ ಕಲಿಸಿದವರು ಯಾರು, ಆಕೆಯ ಊರು ಮನೆ ನೀವು ನೋಡಿದ್ದೀರಾ, ಪೊಲೀಸರಲ್ಲಿ ವಿಚಾರಿಸಿದ್ದೀರಾ, ಆಕೆ ಬಾರದ ದಿನ ಯಾರು ಬರುತ್ತಾರೆ, ಏನಾದರೂ ಆದರೆ ನಾನು ಮೊದಲು ಯಾರಿಗೆ ಫೋನ್ ಮಾಡಬೇಕು. ಪರೀಕ್ಷೆ ಮಾಡುವ ಕುರ್ಚಿಯಲ್ಲಿ ಇಷ್ಟು ವರ್ಷ ಕೂತವಳು ನಾನು, ಹೈಸ್ಕೂಲಿನ ಕನ್ನಡ ಟೀಚರು. ಅಂದು ಯಾಕೋ ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಅಂಗೈ ಬೆವರಿತ್ತು.

"ಮಾತಾಡ್ತಾಳ್ರಿ. ಒಂದ ಮಾತು," ಎಂದೆ.

"ಯಾವ ಮಾತು?"

"ಸಾಕ ಅಂತಾಳ."

ಅವನು ನಕ್ಕುಬಿಟ್ಟ. "ಹಂಗಾರ ಛಲೋ ಪೇಶೆಂಟ್ ಬಿಡ್ರಿ ಮೇಡಂ. ಬೇಕು ಬೇಕು ಅನ್ನೋರ್ನ ಸಂಭಾಳಸೂದು ಕಷ್ಟ. ಸಾಕ ಅನ್ನೋರು ಏನೂ ತ್ರಾಸ ಕೊಡಂಗಿಲ್ಲ."

ಕೆಟ್ಟ ಮನುಷ್ಯನಲ್ಲ, ಹಗುರ ಮಾಡಲು ಅಂದಿದ್ದು ಅಷ್ಟೇ ಎಂದು ಈಗ ಅನಿಸುತ್ತದೆ. ಆದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಮ್ಮ ಶಾಲೆಯ ಗೋಡೆಗಳಿಗೂ ಅದು ಗೊತ್ತು. ಕುಡಿಯಲು ಕೊಟ್ಟಿದ್ದ ನೀರಿನ ಗ್ಲಾಸನ್ನು ಮೇಜಿನ ಮೇಲೆ ಕುಟ್ಟಿ ಇಟ್ಟು, "ನಗೂದು ಮುಗಸ್ರಿ, ನಾ ಹೊಂಟೆ," ಎಂದು ಮೆಟ್ಟಿಲಿಳಿದುಬಿಟ್ಟೆ. ಬಾಯಿಪಾಠ ಮಾಡಿದ ಪ್ರಶ್ನೆಗಳು ಬಾಯಲ್ಲೇ ಉಳಿದವು. ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಗೆ ತಲೆ ಆನಿಸಿ ಅತ್ತೆ.

ಅಕ್ಕ ಎಂದರೆ ನನಗೆ ತಾಯಿಯೂ ಹೌದು. ನಾನು ಅಂಬೆಗಾಲಿಡುವಾಗಲೇ ಅವ್ವ ಹೋದಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಆಗಷ್ಟೇ ಮದುವೆಯಾಗಿದ್ದ ಅಕ್ಕ ಅವ್ವನ ಮಣ್ಣಿಗೆಂದು ಕಕ್ಕೇರಾ ಹತ್ತಿರದ ನಮ್ಮ ಹಳ್ಳಿಗೆ ಬಂದವಳು ಮತ್ತೆ ಗಂಡನ ಮನೆಗೆ ಹೋಗಲೇ ಇಲ್ಲ. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕೂಲಿಗೆ ಹೋದಳು. ಆಗ ನಮ್ಮ ಸೀಮೆಯಲ್ಲಿ ಕೂಲಿ ಎಂದರೆ ಕಾಲುವೆ. ಕೃಷ್ಣೆಯ ನೀರು ತರುವ ದೊಡ್ಡ ಕಾಲುವೆಯನ್ನು ಅಗೆಯುತ್ತಿದ್ದ ಕಾಲ. ಪಾಲಮೂರು ಕಡೆಯಿಂದ ಬಂದ ತೆಲುಗಿನ ಗುಂಪಿನವರು ಮಣ್ಣು ಕಡಿಯುತ್ತಿದ್ದರು, ನಮ್ಮ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಏರಿಗೆ ಸುರಿಯುತ್ತಿದ್ದರು. ಅಕ್ಕ ಅವರ ಜೊತೆಗೇ ಬುತ್ತಿ ಬಿಚ್ಚುತ್ತಿದ್ದಳು. ಸಂಜೆ ಮನೆಗೆ ಬಂದು ನನ್ನ ತಾಟಿಗೆ ರೊಟ್ಟಿ ಹಾಕುವಾಗ, ನನ್ನನ್ನು ನಗಿಸಲೆಂದು, "ಒಕಟಿ, ರೆಂಡು" ಎಂದು ತೆಲುಗಿನಲ್ಲಿ ಎಣಿಸುತ್ತಿದ್ದಳು.

ಆ ಮಣ್ಣಿನ ಕೂಲಿಯಲ್ಲೇ ನಾನು ಸುರಪುರದಲ್ಲಿ ಓದಿದೆ, ಟೀಚರಾದೆ, ಶಹಾಪುರಕ್ಕೆ ಬದಲಿಯಾಗಿ ಬಂದು ಒಂದು ಸಣ್ಣ ಮನೆ ಕಟ್ಟಿಸಿದೆ. ನಾನು ಮದುವೆಯಾಗಲಿಲ್ಲ, ಅದೊಂದು ದೊಡ್ಡ ಕಥೆಯೇನಲ್ಲ, ಆಗಲಿಲ್ಲ ಅಷ್ಟೇ. ಅಕ್ಕ ನನ್ನ ಜೊತೆಗೇ ಇದ್ದಳು. ನನಗೆ ತಲೆಗೂದಲು ಬೆಳ್ಳಗಾದ ಮೇಲೂ "ಕೂಸ" ಎಂದೇ ಕರೆಯುತ್ತಿದ್ದಳು, ಅದೂ ನನ್ನ ವಿದ್ಯಾರ್ಥಿಗಳ ಎದುರಿಗೆ. ಬೇಡ ಎಂದು ಎಷ್ಟು ರೇಗಿದರೂ ಕೇಳುತ್ತಿರಲಿಲ್ಲ.

ಮನೆಯ ಹಿಂದೆಯೇ ಉಪಕಾಲುವೆ. ಅಲ್ಲಿಗೆ ನೀರು ಬಂದ ದಿನ ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು, "ಕೂಸ, ಕಾಲುವಿ ಚಾಲು ಆತು ನೋಡು," ಎಂದು ಕೂಗುತ್ತಿದ್ದಳು. ನಮ್ಮ ಕಡೆ ಎಲ್ಲವೂ ಒಂದೋ ಚಾಲು, ಇಲ್ಲವೇ ಬಂದ್. ನೀರು ಬಿಟ್ಟರೆ ಕಾಲುವೆ ಚಾಲು, ನಿಲ್ಲಿಸಿದರೆ ಬಂದ್. ಫ್ಯಾನಿಗೂ ಹಿಟ್ಟಿನ ಗಿರಣಿಗೂ ಅದೇ ಮಾತು. ಬೇಸಿಗೆ ರಜೆ ಮುಗಿದರೆ ಶಾಲೆಯೂ ಚಾಲು.

ಹಾಗೊಂದು ದಿನ ನೀರು ಬಂದಿತ್ತು, ಅಕ್ಕ ಕೂಗಲಿಲ್ಲ. ಹೋಗಿ ನೋಡಿದರೆ ಬಚ್ಚಲ ಕಟ್ಟೆಗೆ ಒರಗಿ ಕುಸಿದಿದ್ದಳು. ಬಲಗೈ ಬಲಗಾಲು ಎರಡೂ ಬಿದ್ದುಹೋಗಿದ್ದವು. ಲಕ್ವ. ಕಲಬುರಗಿಯ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದಳು, ಮಾತು ಅಲ್ಲೇ ಉಳಿಯಿತು. "ಕೂಸ" ಎನ್ನುವುದೂ ಹೋಯಿತು. ನೀರು ಬೇಕಾದರೆ "ಸಾಕ". ಫ್ಯಾನು ನಿಲ್ಲಿಸಬೇಕಾದರೆ "ಸಾಕ". ನಾನು ಶಾಲೆಯಿಂದ ಬಂದು ಬ್ಯಾಗು ಇಳಿಸಿದರೂ, ಹಿತ್ತಲಿಗೆ ಬೆಕ್ಕು ಬಂದರೂ "ಸಾಕ". ಸಾಕು ಎನ್ನುವುದನ್ನು ನಮ್ಮ ಕಡೆ ಹಾಗೆ ಮೊಟಕಾಗಿ ಅನ್ನುತ್ತೇವೆ.

ಡಾಕ್ಟರು ತಾಳ್ಮೆಯಿಂದ ಹೇಳಿದ್ದರು. ನಾವು ಅಂದದ್ದು ಆಕೆಗೆ ಬಹುಮಟ್ಟಿಗೆ ತಿಳಿಯುತ್ತದೆ, ಆಡಲು ಮಾತ್ರ ಬರುವುದಿಲ್ಲ. ಕೆಲವರಿಗೆ ಹೀಗೆ ಒಂದೇ ಒಂದು ಶಬ್ದ ಉಳಿದುಬಿಡುತ್ತದೆ, ಏನು ಹೇಳಹೋದರೂ ಅದೇ ಬರುತ್ತದೆ, ಅದರ ಅರ್ಥ ಹಿಡಿದುಕೊಂಡು ಕೂರಬೇಡಿ ಎಂದಿದ್ದರು. ನನ್ನ ತಲೆಗೆ ಅದು ಹೋಯಿತು, ಕಿವಿಗೆ ಹೋಗಲಿಲ್ಲ. ಶಬ್ದಕ್ಕೆ ಅರ್ಥ ಹೇಳಿಯೇ ಅನ್ನ ತಿಂದವಳು ನಾನು. ಅರ್ಥವಿಲ್ಲದ ಮಾತನ್ನು ಹೇಗೆ ಕೇಳಬೇಕೋ ನನಗೆ ಗೊತ್ತಿರಲಿಲ್ಲ.

ನನ್ನ ರಜೆಗಳೆಲ್ಲ ತೀರಿದಾಗ ನಮ್ಮ ಓಣಿಯ ಒಬ್ಬ ಹೆಂಗಸನ್ನು ಹಗಲಿಗೆ ಇಟ್ಟೆ. ಕೈ ಬಾಯಿ ಶುದ್ಧ, ಅಕ್ಕನನ್ನು ಸ್ವಚ್ಛವಾಗಿಯೂ ಇಡುತ್ತಿದ್ದಳು. ಆದರೆ ದಿನದಿನಕ್ಕೆ ಅಕ್ಕನ ಕುಪ್ಪಸದ ತೋಳು ಸಡಿಲವಾಗುತ್ತ ಹೋಯಿತು. ಒಂದು ಸಂಜೆ ನೋಡಿದರೆ ಬಟ್ಟಲಲ್ಲಿ ನುಚ್ಚು ಹಾಗೇ ಇತ್ತು.

"ಉಣಸಿದ್ದಿಲ್ಲೇನ?" ಎಂದು ಕೇಳಿದೆ.

"ಉಣಸಿದ್ನಿರಿ ಟೀಚರ್ರ. ಎರಡ ತುತ್ತಿಗೇ ಸಾಕ ಅಂದ್ರು. ಜುಲ್ಮಿ ಮಾಡಿ ಹ್ಯಾಂಗ ತಿನಸ್ಲಿ?"

ಅವಳನ್ನು ಬೈಯಲಾರದೆ ಹೋದೆ. ನಾನು ಉಣಿಸುವಾಗಲೂ ಅಕ್ಕ "ಸಾಕ" ಅಂದೊಡನೆ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಇನ್ನೊಂದು ತುತ್ತು ಅಕ್ಕ, ಒಂದೇ ಒಂದು ಎಂದು ಗೋಗರೆಯುತ್ತಿದ್ದೆ. ಗೋಗರೆದು ದಣಿದು ನಾನೂ ಬಟ್ಟಲು ಕೆಳಗಿಡುತ್ತಿದ್ದೆ.

ಪಕ್ಕದ ಮನೆಯ ಮುದುಕಿ ಒಂದು ದಿನ ಅಕ್ಕನ ಮಂಚದ ಪಕ್ಕವೇ ಕೂತು, ಎಲೆಗೆ ಸುಣ್ಣ ಸವರುತ್ತ, "ಆಕಿನ ಸಾಕ ಸಾಕ ಅನ್ನಾಕತ್ಯಾಳ. ನೀ ಯಾಕವ್ವ ಹಿಡಕೊಂಡು ಕುಂತಿ? ಬಿಟ್ಟುಬಿಡು ಆಕಿನ," ಎಂದಳು. ಅಕ್ಕ ಕೇಳಿಸಿಕೊಂಡಳು. ನಾನು ಅಕ್ಕನ ಮುಖ ನೋಡಿದೆ. ಅಲ್ಲಿಂದ ಏನು ಬಂದರೂ ಬರುವುದು ಆ ಒಂದೇ ಮಾತು. ಅಂದಿನಿಂದ ನನ್ನ ಎದೆಯಲ್ಲಿ ಒಂದು ಹೆದರಿಕೆ ಕೂತಿತು. ಡಾಕ್ಟರು ಹೇಳಿದ್ದು ತಪ್ಪಾಗಿದ್ದರೆ? ಅಕ್ಕನಿಗೆ ನಿಜಕ್ಕೂ ಬದುಕು ಸಾಕಾಗಿದ್ದರೆ? ಉಳಿದ ಒಂದು ಮಾತಿನಲ್ಲಿ ಅವಳು ದಿನಾ ಅದನ್ನೇ ಹೇಳುತ್ತಿದ್ದು, ನಾನೇ ಸ್ವಾರ್ಥಕ್ಕೆ ಚಮಚ ಹಿಡಿದು ಕೂತಿದ್ದರೆ?

ಕೆಲಸ ಕಲಿತವರೇ ಬೇಕು ಎಂದು ಏಜೆನ್ಸಿ ಹುಡುಕಲು ಹೊರಟದ್ದು ಇದರಿಂದ. ಯಾದಗಿರಿಯದು ಹಾಗೆ ಮುಗಿಯಿತು.

ಶಹಾಪುರದಲ್ಲೇ ಒಂದು ಹೊಸದಾಗಿ ಶುರುವಾಗಿದೆ ಎಂದು ತಿಳಿಯಿತು. ಈ ಸಲ ಬೋರ್ಡು ನೋಡಿ ಹತ್ತುವುದು ಬೇಡ, ಮೊದಲು ಅವರ ಕೆಲಸ ನೋಡೋಣ ಎಂದುಕೊಂಡೆ. ಅವರ ಹೆಂಗಸರು ಸುರಪುರದಲ್ಲಿ ನನ್ನ ಪರಿಚಯದ ಗುಮಾಸ್ತರೊಬ್ಬರ ತಂದೆಯನ್ನು ನೋಡಿಕೊಳ್ಳುತ್ತಿದ್ದರು. ಹೇಳದೆ ಕೇಳದೆ ಒಂದು ಭಾನುವಾರ ಆ ಮನೆಗೆ ಹೋದೆ. ಹೇಳಿ ಹೋದರೆ ಯಾರ ಮನೆಯೂ ಚೊಕ್ಕಟವಾಗಿರುತ್ತದೆ. ಮುದುಕರಿಗೆ ನಮಸ್ಕಾರ ಮಾಡುವ ನೆಪದಲ್ಲಿ ಪಾದ ಮುಟ್ಟಿ ಹಿಮ್ಮಡಿ ನೋಡಿದೆ, ಮಲಗಿ ಮಲಗಿ ಒಡೆದಿರಲಿಲ್ಲ. ಉಗುರು ಕತ್ತರಿಸಿತ್ತು. ಹಾಸಿಗೆಯ ಬಳಿ ವಾಸನೆ ಇರಲಿಲ್ಲ. ಅಡುಗೆಮನೆಯಲ್ಲಿ ಅವರ ಸೊಸೆಯನ್ನು ಕೇಳಿದೆ, ಈ ಏಜೆನ್ಸಿಯವರಲ್ಲಿ ಏನು ಕೊರತೆ ಎಂದು. ಚೆನ್ನಾಗಿದೆ ಎನ್ನುವುದನ್ನು ಎಲ್ಲರೂ ಹೇಳುತ್ತಾರೆ, ಕೊರತೆ ಕೇಳಬೇಕು.

"ಕೊರತಿ ಅಂದ್ರ, ನೋಡಕೊಳ್ಳಾಕ ಬರೂ ಆಯಮ್ಮ ಭಾಳ ಖಡಕ್ಕರಿ. ನಾವು ಮಾವನ ಮಗ್ಗಲ ತಿರಗಸೂದು ಮರತ್ರ ನಮಗೂ ಬೈತಾರ," ಎಂದಳು ಸೊಸೆ.

ಇದು ಕೊರತೆಯಲ್ಲ ಎಂದುಕೊಂಡು ಮರುದಿನ ಶಾಲೆ ಬಿಟ್ಟಮೇಲೆ ನೇರವಾಗಿ ಅಲ್ಲಿಗೆ ಹೋದೆ.

ಏಜೆನ್ಸಿ ನಡೆಸುತ್ತಿದ್ದವರು ನಿವೃತ್ತ ನರ್ಸು. ಊರವರೆಲ್ಲ ಇನ್ನೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮನೆಮಾತು ಉರ್ದು, ಒಳಗಿನವರನ್ನು "ಅರೆ, ಪಾನಿ ಲಾವ್" ಎಂದು ಕೂಗಿ ನನ್ನ ಕಡೆ ತಿರುಗಿ ನಮ್ಮ ಕನ್ನಡದಲ್ಲಿ ಮಾತಾಡುತ್ತಿದ್ದರು. ಮನೆಯ ಮುಂದಿನ ಪಡಸಾಲೆಯೇ ಕಚೇರಿ, ಅಲ್ಲೊಂದು ಆಸ್ಪತ್ರೆಯ ಮಂಚ. ನನ್ನ ಪ್ರಶ್ನೆಗಳನ್ನೆಲ್ಲ ಬಿಚ್ಚಿದೆ. ಸಿಸ್ಟರ್ ಒಂದೊಂದಕ್ಕೂ ತುಂಡು ತುಂಡಾಗಿ ಉತ್ತರ ಕೊಟ್ಟರು.

"ನಮ್ ಹೆಣ್ಮಕ್ಳು ಪೇಶೆಂಟಿನ ಅರಬಿ ತೊಳೀತಾರ, ನಿಮ್ ಅರಬಿ ತೊಳಿಯಂಗಿಲ್ಲ. ಪೇಶೆಂಟಿಗಿ ಉಣಸ್ತಾರ, ಮನಿ ಮಂದಿಗಿ ಅಡಿಗಿ ಮಾಡಂಗಿಲ್ಲ. ರಜಾ ಹಾಕಿದ ದಿನ ಬ್ಯಾರೆ ಯಾರರ ಬರ್ತಾರ, ಯಾರೂ ಇಲ್ಲಂದ್ರ ನಾನ ಬರ್ತೀನಿ. ಖಬರ್ ಇಲ್ದ ಒಂದಿನ ತಪ್ಪಿಸಿದ್ರ ನನಗ ಫೋನ್ ಮಾಡ್ರಿ, ಆಕಿಗಿ ಬೈಬ್ಯಾಡ್ರಿ."

"ನಮ್ಮ ಅಕ್ಕ ಸುಧಾರಸ್ತಾಳೇನ್ರಿ?" ಎಂದು ಪಟ್ಟಿಯಲ್ಲಿಲ್ಲದ ಪ್ರಶ್ನೆ ಬಾಯಿಂದ ಜಾರಿತು.

"ಗೊತ್ತಿಲ್ಲ ಟೀಚರ್," ಎಂದರು. ಗೊತ್ತಿಲ್ಲ ಎನ್ನುವವರನ್ನು ನಾನು ನಂಬುತ್ತೇನೆ, ತರಗತಿಯಲ್ಲೂ ಅಷ್ಟೇ.

ಬಿದ್ದ ಕೈಕಾಲಿನವರನ್ನು ಇವರು ಹೇಗೆ ಎತ್ತುತ್ತಾರೆ, ನೋವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಸಿಸ್ಟರ್ ಮಂಚ ತೋರಿಸಿದರು. "ಹೇಳಿದ್ರ ತಿಳಿಯಂಗಿಲ್ಲ. ಮಲಕೋರಿ."

"ನಾನಾ?"

"ಮತ್ತ ಯಾರು? ಬಲಗೈ ಬಲಗಾಲು ಸತ್ತಾವ ಅಂತ ತಿಳಕೋರಿ. ಸಹಾಯ ಮಾಡಬ್ಯಾಡ್ರಿ."

ಸೀರೆಯ ನೆರಿಗೆ ಸರಿಮಾಡಿಕೊಂಡು, ನಾಚಿಕೆಯಿಂದ ಸತ್ತು, ಆ ಮಂಚದ ಮೇಲೆ ಮಲಗಿದೆ. ಒಳಗಿನಿಂದ ನಡುವಯಸ್ಸಿನ ಒಬ್ಬ ಹೆಂಗಸು ಬಂದಳು. ಕಪ್ಪಗೆ, ಗಟ್ಟಿಮುಟ್ಟು, ಕೈಬಳೆ ತೆಗೆದಿಟ್ಟಿದ್ದಳು. ಮುಟ್ಟುವ ಮೊದಲು ನನ್ನ ಮುಖದ ಹತ್ತಿರ ಬಾಗಿ ಮೆಲ್ಲಗೆ ಏನೋ ಅಂದಳು, ಅದು ತೆಲುಗು. ಒಂದು ಕೈ ಹೆಗಲ ಕೆಳಗೆ, ಒಂದು ಕೈ ಮಂಡಿಯ ಮೇಲೆ, ಅಷ್ಟೇ ಗೊತ್ತು. ನಾನು ಮಗ್ಗುಲಾಗಿದ್ದೆ. ಆಮೇಲೆ ಎದ್ದು ಕೂತಿದ್ದೆ. ಯಾರೋ ನನ್ನನ್ನು ಹಾಗೆ ಎತ್ತಿ ಕೂರಿಸಿ ಎಷ್ಟು ವರ್ಷವಾಗಿತ್ತು! ಇಂಥ ಕೈ ಅಕ್ಕನಿಗೆ ಬೇಕು ಎಂದು ಮನಸ್ಸು ಅಲ್ಲೇ ತೀರ್ಮಾನ ಮಾಡಿತ್ತು.

ಆದರೆ ನನ್ನದೊಂದು ಹಠವಿತ್ತು. "ಬರಾಕಿಗಿ ಕನ್ನಡ ಛಲೋ ಬರಬೇಕ್ರಿ. ಅಕ್ಕಗ ಎಲ್ಲಾ ತಿಳೀತದ, ಆಕಿ ಜೋಡಿ ಮಾತಾಡಬೇಕು," ಎಂದೆ.

ಸಿಸ್ಟರ್ ತಲೆಯಾಡಿಸಿದರು. "ಈಕಿ ಗುರುಮಠಕಲ್ ಆಚಿಕಿನಾಕಿ. ಹೈದರಾಬಾದ್ ದವಾಖಾನ್ಯಾಗ ಮಾಡ್ಯಾಳ. ತೆಲುಗು ಬರ್ತದ, ಹಿಂದಿ ಬರ್ತದ. ಕನ್ನಡ ಈಗ ಕಲಿಯಾಕತ್ಯಾಳ. ಕನ್ನಡದವ್ರು ಎಲ್ಲಾ ಕೆಲಸಕ್ಕ ಹೋಗ್ಯಾರ. ಒಂದ್ನಾಕ ದಿನ ಇಟಕೊಂಡು ನೋಡ್ರಿ, ಸೇರಲಿಲ್ಲಂದ್ರ ಕಳಸ್ರಿ. ಪೇಶೆಂಟಿಗಿ ಮಾತು ಬರ್ತಾವೇನು?"

ಯಾದಗಿರಿಯ ನಗು ನೆನಪಾಯಿತು. "ಮಾತು ಹೋಗ್ಯಾವ್ರಿ," ಎಂದೆ. ಆ ಒಂದು ಮಾತಿನ ಸುದ್ದಿ ಎತ್ತಲಿಲ್ಲ. ಅದನ್ನು ನಾನೇ ಪರೀಕ್ಷೆಗೆಂದು ಇಟ್ಟುಕೊಂಡೆ. ಅಕ್ಕ ಸಾಕ ಅಂದಾಗ ಈಕೆ ಏನು ಮಾಡುತ್ತಾಳೆ, ನೋಡೋಣ. ಕನ್ನಡ ಚೆನ್ನಾಗಿ ಬಲ್ಲವರೇ ಮೋಸ ಹೋದ ಮಾತು ಅದು. ಕನ್ನಡವೇ ಬಾರದವಳ ಗತಿ ಏನು ಎಂದು ದಾರಿಯುದ್ದಕ್ಕೂ ನನ್ನನ್ನೇ ಹಳಿದುಕೊಂಡೆ.

ಮುಂದಿನ ಭಾನುವಾರ ಆಕೆ ಬಂದಳು. ಬಂದವಳೇ ಕೈಕಾಲು ತೊಳೆದು ಅಕ್ಕನ ಎಡಗೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಆಮೇಲೆ ಮೈ ಒರೆಸಿ, ತಲೆ ಬಾಚಿ, ಸೀರೆ ಉಡಿಸಿ, ದಿಂಬು ಕೊಟ್ಟು ಅಕ್ಕನನ್ನು ಕೂರಿಸಿದಳು. ಅಕ್ಕ ಮುಖ ಬಿಗಿಹಿಡಿದೇ ಇದ್ದಳು. ಮಧ್ಯಾಹ್ನವಾಯಿತು. ಕೆಲಸಕ್ಕೆ ಬಂದವಳಾದರೂ ಮೊದಲ ದಿನ, ಉಣಬಡಿಸದೆ ಹೇಗೆ ಬಿಡಲಿ? ಅಕ್ಕನ ಮಂಚದ ಎದುರಿಗೇ ತಾಟು ಹಾಕಿ ಅನ್ನ ಸಾರು ಬಡಿಸಿದೆ.

"ಚಾಲು ಅಕ್ಕಾ," ಎಂದಳು ನನಗೆ.

ಚಾಲು ಎಂದರೆ ನಡೆಯಲಿ ಎಂದಲ್ಲವೇ? ಹಸಿದು ಬಂದಿದ್ದಾಳೆ ಪಾಪ ಎಂದು ಇನ್ನೊಂದು ಸೌಟು ಹಾಕಿದೆ.

"ಚಾಲು, ಚಾಲು!"

ಗಟ್ಟಿ ಹೆಂಗಸು, ದುಡಿಯುವ ಮೈ, ಉಣ್ಣಲಿ ಎಂದು ಮತ್ತೆ ಹಾಕಿದೆ. ಆಕೆ ಕೈ ಅಡ್ಡ ಹಿಡಿದಳು, ನಾನು ಸಂಕೋಚವೆಂದು ಕೈ ಸರಿಸಿ ಹಾಕಿದೆ. "ಚಾಲಮ್ಮಾ!" ಎಂದು ಆಕೆ ತಾಟನ್ನೇ ಹಿಂದಕ್ಕೆ ಎಳೆದುಕೊಂಡಳು. ಆಗ ಮಂಚದ ಕಡೆಯಿಂದ ಒಂದು ಸದ್ದು ಬಂತು. ತಿರುಗಿ ನೋಡಿದರೆ ಅಕ್ಕ ನಗುತ್ತಿದ್ದಾಳೆ. ಅರ್ಧ ಬಾಯಿ ಮಾತ್ರ ನಗುತ್ತಿತ್ತು, ಆದರೆ ಹೊಟ್ಟೆ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಲಕ್ವ ಹೊಡೆದಾಗಿನಿಂದ ಅವಳು ನಕ್ಕದ್ದು ನಾನು ನೋಡಿರಲಿಲ್ಲ. ಎಡಗೈಯಿಂದ ನನ್ನ ಸೌಟಿನ ಕಡೆ ತೋರಿಸಿ, "ಸಾಕ! ಸಾಕ!" ಎಂದಳು.

ಅಷ್ಟು ಹೊತ್ತಿಗೆ ನನ್ನ ಮಂದ ತಲೆಗೆ ಹೊಳೆಯಿತು. ತೆಲುಗಿನವರಿಗೆ ಚಾಲು ಎಂದರೆ ಸಾಕು. ಕಾಲುವೆಯ ಏರಿಯ ಮೇಲೆ ಅವರ ಜೊತೆ ಬುತ್ತಿ ಉಂಡ ಅಕ್ಕನಿಗೆ ಅದು ಗೊತ್ತಿತ್ತು. ಅವಳು ನನಗೆ ಅರ್ಥ ಹೇಳುತ್ತಿದ್ದಳು.

ನಾವು ಮೂವರೂ ನಕ್ಕೆವು. ಆದರೆ ನೀರು ತರಲು ಒಳಗೆ ಹೋದವಳು ಒಲೆಯ ಕಟ್ಟೆ ಹಿಡಿದು ನಿಂತೆ. ಹಾಗಾದರೆ ಅಕ್ಕನಿಗೆ ಆ ಮಾತಿನ ಅರ್ಥ ಗೊತ್ತಿದೆ. ಗೊತ್ತಿದ್ದೇ ಅನ್ನುತ್ತಾಳೆ. ಈಗ ಸರಿಯಾದ ಜಾಗದಲ್ಲಿ ಅಂದವಳು, ನನ್ನ ತುತ್ತಿಗೂ ಸರಿಯಾಗಿಯೇ ಅಂದಿರಬೇಕಲ್ಲ? ಡಾಕ್ಟರ ಮಾತನ್ನು ಹಿಡಿದುಕೊಂಡು ಇಷ್ಟು ದಿನ ನಿಂತಿದ್ದೆ, ಅದೂ ಕೈಬಿಟ್ಟ ಹಾಗಾಯಿತು. ನಗು ಕೇಳಿಸುತ್ತಿದ್ದ ಮನೆಯಲ್ಲೇ ಅಷ್ಟು ಹೆದರಿದ್ದು ನನಗೆ ಇನ್ನೂ ನೆನಪಿದೆ.

ಆಕೆ ಅಕ್ಕನಿಗೆ ಉಣಿಸಲು ಕೂತಳು. ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು. ನಾನು ಅಡುಗೆಮನೆಯ ಬಾಗಿಲ ಮರೆಗೆ ನಿಂತೆ. ಬೆನ್ನಿಗೆ ದಿಂಬು ಒತ್ತಿ, ಗದ್ದವನ್ನು ಸ್ವಲ್ಪ ಕೆಳಗೆ ಮಾಡಿ, ಅರ್ಧ ಚಮಚ ಬಾಯಿಗಿಟ್ಟು, ನುಂಗುವವರೆಗೆ ಗಂಟಲು ನೋಡುತ್ತ ಕೂತಳು. ಇನ್ನೊಂದು. ಮತ್ತೊಂದು.

"ಸಾಕ," ಎಂದಳು ಅಕ್ಕ.

ಬಟ್ಟಲು ಕೆಳಗಿಟ್ಟ ಸದ್ದಿಗಾಗಿ ಕಾದೆ. ಬರಲಿಲ್ಲ.

"ಹಾ ಅಮ್ಮಾ, ಹಾ," ಎಂದಳು ಆಕೆ. ಮತ್ತೆ ಚಮಚ.

"ಸಾಕ."

"ಹಾ ಅಮ್ಮಾ."

"ಸಾಕ."

ನನಗೆ ತಡೆಯಲಾಗಲಿಲ್ಲ. ಪರೀಕ್ಷೆ ಎಂದು ನಾನೇ ಇಟ್ಟದ್ದು ಮರೆತೇಹೋಯಿತು. ಹೊರಗೆ ನುಗ್ಗಿ, "ಆಕಿ ಸಾಕ ಅನ್ನಾಕತ್ಯಾಳ, ಕೇಳ್ಸಂಗಿಲ್ಲೇನ ನಿನಗ? ಯಾಕ ತುರಕಾಕತ್ತಿ?" ಎಂದು ಕಿರುಚಿದೆ. ಓಣಿಯ ಹೆಂಗಸಿನ ಮೇಲೆ, ಪಕ್ಕದ ಮುದುಕಿಯ ಮೇಲೆ, ಯಾದಗಿರಿಯವನ ಮೇಲೆ ಯಾವ ಮಾತಿಗೆ ಸಿಟ್ಟಾಗಿದ್ದೆನೋ ಅದೇ ಮಾತು ನನ್ನ ಬಾಯಿಂದ ಬಂತು.

ಆಕೆ ಬೆಚ್ಚಿದಳು. ಚಮಚ ಕೈಯಲ್ಲೇ ಇತ್ತು. ಹುಡುಕಿ ಹುಡುಕಿ ಕನ್ನಡ ಜೋಡಿಸಿದಳು. "ಆಯಮ್ಮ ಸಾಕು ಅಂತಾಳಲ್ಲ ಅಕ್ಕಾ. ಅದಕ್ಕೇ ಕದಾ. ನಮ್ ಕಡಿ ಬಿಡ್ಡನ್ನ ಸಾಕ್ತಾರ. ಸಣ್ಣ ಬಿಡ್ಡ, ಕೂಸು. ಹಂಗ ನನ್ನ ಸಾಕು ಅಂತಾಳ. ನಾ ಸಾಕ್ತಾ ಇದ್ದೀನಿ."

ಚಾಲು ಎಂಬ ಮಾತೊಂದಿತ್ತಲ್ಲ ಅವಳಿಗೆ, ಬೇಡ ಎನ್ನಲು. ಸಾಕು ಎಂದರೆ ತೆಲುಗಿನ ಅವಳ ಕಿವಿಗೆ ಸಲಹು ಎಂದಷ್ಟೇ.

ಅಕ್ಕ ನನಗಾಗಿ ಕಾಯಲಿಲ್ಲ. ಎಡಗೈ ಚಾಚಿ ಆಕೆಯ ಮಣಿಕಟ್ಟು ಹಿಡಿದು, ಚಮಚವನ್ನು ತನ್ನ ಬಾಯಿಗೆ ಎಳೆದುಕೊಂಡಳು. ನುಂಗಿದಳು. "ಸಾಕ," ಎಂದು ಮತ್ತೆ ಬಾಯಿ ತೆರೆದಳು. ಬಟ್ಟಲಿನ ತಳ ಕಾಣುವವರೆಗೂ ಹಾಗೇ ನಡೆಯಿತು. ಕೊನೆಯಲ್ಲಿ ಅಕ್ಕ ಏನೂ ಅನ್ನಲಿಲ್ಲ. ತುಟಿ ಬಿಗಿಯಾಗಿ ಮುಚ್ಚಿ ಮುಖ ಗೋಡೆಗೆ ತಿರುಗಿಸಿದಳು. "ಚಾಲು," ಎಂದು ತನಗೆ ತಾನೇ ಹೇಳಿಕೊಂಡು ಆಕೆ ಬಟ್ಟಲು ಇಟ್ಟಳು, ಬಾಯಿ ಒರೆಸಿದಳು.

ಅಕ್ಕನ ನಿಜವಾದ ಸಾಕು ಅದು, ಮುಚ್ಚಿದ ತುಟಿ. ಅಲ್ಲಿಯವರೆಗೆ ನಾವ್ಯಾರೂ ಕಾದೇ ಇರಲಿಲ್ಲ. ನಾನಂತೂ ಹಿತ್ತಲಿಗೆ ಹೋಗಿ ಕಾಲುವೆಯ ಕಡೆ ಮುಖ ಮಾಡಿ ಕೂತೆ.

ಅವ್ವ ಹೋದ ದಿನದ್ದು ನನಗೆ ನೆನಪಿಲ್ಲ. ನಮ್ಮ ಸೋದರತ್ತೆ ಹೇಳುತ್ತಿದ್ದದ್ದು ನೆನಪಿದೆ. ಮಣ್ಣು ಮಾಡಿ ಬಂದ ಮೇಲೆ ಹಿರಿಯರೆಲ್ಲ ಅಂಗಳದಲ್ಲಿ ಕೂತು ಈ ಕೂಸನ್ನು ಯಾರಿಗೆ ಒಪ್ಪಿಸುವುದು ಎಂದು ಮಾತಾಡುತ್ತಿದ್ದರಂತೆ. ಕೊಂಕಲ್‌ನಲ್ಲಿ ದೂರದ ಸಂಬಂಧಿಕರೊಬ್ಬರಿಗೆ ಮಕ್ಕಳಿಲ್ಲ, ಅಲ್ಲಿ ಬಿಡೋಣ ಎಂದರಂತೆ. ಗಂಡಸರ ಮುಂದೆ ಬಾಯಿ ತೆರೆಯದ ಅಕ್ಕ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಿಗೆ ಬಂದು, "ಯಾರಿಗೂ ಕೊಡಬ್ಯಾಡ್ರಿ. ನಾ ಸಾಕತೀನಿ," ಅಂದಳಂತೆ. ಗಂಡನ ಮನೆಯವರು ಎರಡು ಸಲ ಕರೆಯಲು ಬಂದರು. ಎರಡು ಸಲವೂ ಅದೇ ಮಾತು. ಆಮೇಲೆ ಅವರು ಬೇರೆ ಹೆಣ್ಣು ತಂದುಕೊಂಡರು.

ಈ ಕಥೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವಾಗೆಲ್ಲ ಅಕ್ಕ ನನ್ನನ್ನು ಬೆಳೆಸಿದಳು, ಜೋಪಾನ ಮಾಡಿದಳು, ಪಾಲನೆ ಪೋಷಣೆ ಮಾಡಿದಳು ಎಂದು ಓದಿದವರ ಮಾತೇ ಆಡಿದ್ದೇನೆ. ಅಕ್ಕ ಆಡಿದ ಮಾತು ನಮ್ಮದೇ ಕನ್ನಡದ್ದು, ನಾನು ಮಕ್ಕಳಿಗೆ ಕಲಿಸುವ ಕನ್ನಡದ್ದು. ಗುರುಮಠಕಲ್ ಆಚೆಯಿಂದ ಬಂದವಳು ಅದನ್ನು ತೆಲುಗೆಂದು ತಿಳಿದು ನನ್ನ ಮನೆಗೆ ತಂದಳು.

ಡಾಕ್ಟರನ್ನು ಕೇಳಿದರೆ ಉಳಿದ ಶಬ್ದಕ್ಕೆ ಅರ್ಥವಿಲ್ಲ ಎಂದೇ ಅನ್ನುತ್ತಾರೆ. ಇರಬಹುದು. ನನಗೂ ಖಾತ್ರಿಯಿಲ್ಲ. ಆದರೆ ತಲೆಯೊಳಗಿನ ಮಾತೆಲ್ಲ ಹೋಗಿ ಒಂದೇ ತುಂಡು ಉಳಿದರೆ, ಅದು ಬದುಕೆಲ್ಲ ಹೊತ್ತ ಮಾತಿನ ತುಂಡೇ ಯಾಕಾಗಿರಬಾರದು? ಬೇಡ ಎನ್ನುವ ಸಾಕ ಅಲ್ಲ, ಸಾಕತೀನಿ ಎನ್ನುವುದರ ಮೊದಲರ್ಧ. ನಾನು ಹಾಗೆಂದೇ ನಂಬಿದೆ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಸಂಜೆ ಸಿಸ್ಟರ್ ಫೋನ್ ಮಾಡಿದರು. "ಹ್ಯಾಂಗದಾಳ್ರಿ ಟೀಚರ್? ಕೈ ಛಲೋ ಅದಾವಿಲ್ಲ? ಕನ್ನಡಾ ಒಂದು ಕಚ್ಚಾ ಅದ. ಹೇಳ್ರಿ, ದಿನಾ ಒಂದೀಟು ಕಲಸ್ತೀನಿ."

"ಕಲಸಬ್ಯಾಡ್ರಿ," ಎಂದೆ. ಅತ್ತು ಮೂಗು ಕಟ್ಟಿತ್ತು. "ನಿಮಗ ಕೈ ಮುಗೀತೀನಿ, ಆಕಿಗಿ ಕನ್ನಡಾ ಕಲಸಬ್ಯಾಡ್ರಿ."

ಸಿಸ್ಟರ್ ಏನು ತಿಳಿದುಕೊಂಡರೋ. ಕನ್ನಡ ಟೀಚರು ಹೀಗೆ ಅಂದದ್ದನ್ನು ಅವರು ಊರಿಗೆಲ್ಲ ಹೇಳಿ ನಕ್ಕಿರಬೇಕು. ಆಮೇಲೆ ನಿಧಾನಕ್ಕೆ ಅವರಿಗೆಲ್ಲ ವಿವರಿಸಿದೆ. ಆ ಹೆಂಗಸು ಕೊನೆಯವರೆಗೂ ಅಕ್ಕನ ಜೊತೆಗಿದ್ದಳು, ಕನ್ನಡವನ್ನೂ ಕಲಿತಳು. ಅಷ್ಟು ಹೊತ್ತಿಗೆ ಅದರಿಂದ ಏನೂ ಕೆಡುವಂತಿರಲಿಲ್ಲ.

ಆದರೆ ನಾನು ಹೇಳಬೇಕಾದ್ದು ಆ ಮಾರನೆಯ ಸೋಮವಾರದ್ದು. ಬುತ್ತಿ ಕಟ್ಟಿಕೊಂಡು, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ. ಆಕೆ ಅಕ್ಕನ ಪಕ್ಕ ಕೂತು ಬಟ್ಟಲಲ್ಲಿ ನುಚ್ಚು ಕಲಸುತ್ತಿದ್ದಳು. ನಾನು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ಅಕ್ಕ ಅಂದಳು, "ಸಾಕ."

ಹಿಂದೆಲ್ಲ ಆ ಮಾತು ಬೆನ್ನಿಗೆ ಬಿದ್ದರೆ ಶಾಲೆ ಮುಟ್ಟುವವರೆಗೂ ಚುಚ್ಚುತ್ತಿತ್ತು. ಯಾಕಕ್ಕ ಹಂಗಂತಿ ಎಂದು ಅಳುದನಿಯಲ್ಲಿ ಕೇಳಿ ಓಡಿಬಿಡುತ್ತಿದ್ದೆ. ಅಂದು ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವಳ ಎಡಗೈ ಹಿಡಿದುಕೊಂಡೆ.

"ಹೂಂ ಅಕ್ಕ," ಎಂದೆ. "ಸಾಕತೀನಿ."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಬಟ್ಟಲಿನ ಕಡೆ ತಿರುಗಿ ಬಾಯಿ ತೆರೆದಳು.